ಕರುಳಿನ ರಸದ ಬೆನ್ನು ಹತ್ತಿದ ವಿಟ್ಟೋರಿಯೋ ಎರ್ಸ್ಪಾಮರ್

ಭೇದಿ, ಬೆವರು, ಎದೆಬಡಿತ, ಕೈಕಾಲು ನಡುಕ, ಮುಖ ಕೆಂಪೇರುವುದು – ಇಷ್ಟನ್ನು ಹೇಳಿದರೆ ನಮ್ಮ ಕಡೆ ಹತ್ತು ಮಂದಿ ಹತ್ತು ಸೀಕಿನ ಹೆಸರು ಹೇಳಿಯಾರು. ಒಬ್ಬರಿಗೆ ಅದು ಪಿತ್ತ, ಇನ್ನೊಬ್ಬರಿಗೆ ಉಷ್ಣ, ಮತ್ತೊಬ್ಬರಿಗೆ ಬರಿಯ ಹೆದರಿಕೆ. ಕಲಿತ ಡಾಕ್ಟರರೂ ಈ ಲಕ್ಷಣಗಳ ಎದುರು ಎಡವಿದ್ದುಂಟು. ಏಕೆಂದರೆ ಒಂದೇ ವಸ್ತು ಶರೀರದಲ್ಲಿ ಅತಿಯಾದಾಗ ಎರಡು ತೀರ ಬೇರೆ ಬೇರೆ ಕಾಯಿಲೆಗಳು ಬರುವುದುಂಟು. ಒಂದು ವರುಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವಂಥದು. ಇನ್ನೊಂದು ಬೆಳಗ್ಗೆ ಇಲ್ಲದ್ದು ಸಂಜೆಗೆ ಬಂದು, ತಡವಾದರೆ ಪ್ರಾಣಕ್ಕೇ ಎರವಾಗುವಂಥದು. ಆ ವಸ್ತುವಿಗೆ ಈಗ ಸೆರೊಟೋನಿನ್ ಎಂದು ಹೆಸರು. ಅದನ್ನು ಮೊತ್ತಮೊದಲು ಪ್ರಾಣಿಯ ಜಠರದಿಂದ ಬೇರ್ಪಡಿಸಿ, ಇದು ಹೊಸತು, ಈ ಮೊದಲು ತಿಳಿದ ಯಾವುದೂ ಅಲ್ಲ ಎಂದು ಸಾಧಿಸಿ ತೋರಿಸಿದವರು ಇಟಲಿಯ ವಿಟ್ಟೋರಿಯೋ ಎರ್ಸ್ಪಾಮರ್. ವೈದ್ಯಲೋಕದಲ್ಲಿ ಅವರದು ದೊಡ್ಡ ಹೆಸರು. ಆದರೆ ಅವರು ಆ ವಸ್ತುವಿಗೆ ಇಟ್ಟ ಹೆಸರು ಮಾತ್ರ ಉಳಿಯಲಿಲ್ಲ.

ಎರ್ಸ್ಪಾಮರ್ ಅವರು 1909ನೆಯ ಇಸವಿ ಜುಲಾಯಿ 30ರಂದು ಮಾಲೋಸ್ಕೋ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಆಲ್ಪ್ಸ್ ಪರ್ವತಗಳ ನಡುವೆ, ಸೇಬಿನ ತೋಟಗಳಿಗೆ ಹೆಸರಾದ ನೋನ್ ಕಣಿವೆಯಲ್ಲಿ ಈ ಹಳ್ಳಿ ಉಂಟು. ಇದು ತ್ರೆಂತೀನೋ ಪ್ರಾಂತಕ್ಕೆ ಸೇರಿದ್ದು. ಅಲ್ಲಿನ ಬಹುಪಾಲು ಜನ ಇಟಾಲಿಯನ್ ಮಾತನಾಡುವವರು. ಆದರೆ ಆಗ ಅವರನ್ನು ಆಳುತ್ತಿದ್ದುದು ಆಸ್ಟ್ರಿಯಾ-ಹಂಗೇರಿಯ ಚಕ್ರಾಧಿಪತ್ಯ. ಮೊದಲನೆಯ ಮಹಾಯುದ್ಧ ಮುಗಿದು, 1919ರ ಒಪ್ಪಂದದಂತೆ ಆ ಪ್ರಾಂತ ಇಟಲಿಗೆ ಸೇರಿದಾಗ ಹುಡುಗನಿಗೆ ಹತ್ತು ಪ್ರಾಯ. ಊರು ಇದ್ದಲ್ಲೇ ಇದ್ದು ಆಡಳಿತ ಬದಲಾಗುವುದೆಂದರೆ ಏನೆಂದು 1956ರ ನವೆಂಬರ್ ಒಂದನೆಯ ತಾರೀಕನ್ನು ಕಂಡ ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತ್ರೆಂತೋ ನಗರದಲ್ಲಿ ಶಾಲೆ ಮುಗಿಸಿ ಅವರು ವೈದ್ಯವಿದ್ಯೆಗಾಗಿ ಪಾವಿಯಾಕ್ಕೆ ಬಂದರು. ಅಲ್ಲಿನ ಗಿಸ್ಲಿಯೇರಿ ಕಾಲೇಜು 1567ರಲ್ಲಿ ಸ್ಥಾಪನೆಗೊಂಡ, ಜಾಣ ವಿದ್ಯಾರ್ಥಿಗಳಿಗೆ ಆಶ್ರಯವಿತ್ತು ಓದಿಸುವ ಹಳೆಯ ಸಂಸ್ಥೆ. ಪಾವಿಯಾಕ್ಕೆ ಇನ್ನೊಂದು ದೊಡ್ಡಸ್ತಿಕೆಯೂ ಉಂಟು. ಬೆಳ್ಳಿಯ ಲವಣ ಹಾಕಿ ನರಕೋಶಗಳಿಗೆ ಬಣ್ಣ ಹಿಡಿಸುವ ವಿದ್ಯೆ ಕಂಡುಹಿಡಿದು 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಮಿಲ್ಲೋ ಗೋಲ್ಗಿ ಇಲ್ಲಿಯೇ ಅಧ್ಯಾಪಕರಾಗಿದ್ದರು. ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಇದು ಬೇರೆ ಅದು ಬೇರೆ ಎಂದು ಜೀವಕೋಶಗಳನ್ನು ವಿಂಗಡಿಸುವುದು ಆ ಊರಿನ ವಿದ್ಯೆಯೇ ಆಗಿತ್ತು ಎನ್ನಬಹುದು. ತರುಣ ಎರ್ಸ್ಪಾಮರ್ ಅದರಲ್ಲೇ ಮುಳುಗಿದರು.

ಜಠರ ಮತ್ತು ಕರುಳಿನ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿದ ಕೆಲವು ಕೋಶಗಳುಂಟು. ಕ್ರೋಮಿಯಂ ಲವಣ ತಾಗಿಸಿದರೆ ಅವು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ; ಬೆಳ್ಳಿಯ ಲವಣ ಹಾಕಿದರೆ ಕಪ್ಪಾಗುತ್ತವೆ. ಇವುಗಳಿಗೆ ಎಂಟರೋಕ್ರೋಮಾಫಿನ್ ಕೋಶಗಳೆಂದು ಹೆಸರು. ಇವು ಅಲ್ಲಿ ಕುಳಿತು ಏನು ಮಾಡುತ್ತಿವೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಹೈಸ್ಕೂಲಿನಲ್ಲಿ ಹಾರ್ಮೋನು ಎಂದೊಡನೆ ಮಕ್ಕಳು ಥೈರಾಯ್ಡು, ಇನ್ಸುಲಿನ್, ಅಡ್ರಿನಲಿನ್ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ನಾವು ಊಟ ಮಾಡಿದ್ದನ್ನು ಅರೆಯುವ ಈ ಉದ್ದನೆಯ ಕೊಳವೆಯೂ ಒಂದು ದೊಡ್ಡ ಗ್ರಂಥಿಯೇ ಎಂದರೆ ಅವರು ನಂಬುವುದಿಲ್ಲ. ಆ ಕಾಲದ ಪಂಡಿತರೂ ಹೆಚ್ಚು ನಂಬಿರಲಿಲ್ಲ. ಎರ್ಸ್ಪಾಮರ್ ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, 1933ರಲ್ಲಿ, ತಮ್ಮ ಗುರು ಮಾಫೋ ವಿಯಾಲ್ಲಿ ಅವರೊಡನೆ ಈ ಕೋಶಗಳ ಬಗ್ಗೆ ಲೇಖನ ಪ್ರಕಟಿಸಿದರು. 1935ರಲ್ಲಿ ವೈದ್ಯ ಪದವಿ ಪಡೆದು ಪಾವಿಯಾದಲ್ಲೇ ಸಹಾಯಕ ಅಧ್ಯಾಪಕರಾದರು. 1936ರಲ್ಲಿ ವಿದ್ಯಾರ್ಥಿವೇತನ ದೊರೆತು ಬರ್ಲಿನ್ನಿನ ಔಷಧಶಾಸ್ತ್ರ ಸಂಸ್ಥೆಗೂ ಹೋದರು.

ಈಗ ಅವರ ಬದುಕಿನ ಮುಖ್ಯ ಪ್ರಯೋಗಕ್ಕೆ ಬರೋಣ. ಮೊಲದ ಜಠರದ ಒಳಪೊರೆಯನ್ನು ಅಸಿಟೋನಿನಲ್ಲಿ ನೆನೆಹಾಕಿ ಅವರು ಒಂದು ಸಾರ ತೆಗೆದರು. ಇಲಿಯ ಗರ್ಭಕೋಶದ ತುಂಡನ್ನು ಲವಣದ್ರಾವಣದಲ್ಲಿ ತೂಗುಹಾಕಿ, ಅದರ ಮೇಲೆ ಈ ಸಾರವನ್ನು ಹನಿಸಿದಾಗ ಆ ಮಾಂಸದ ತುಂಡು ಬಲವಾಗಿ ಸಂಕುಚಿಸಿತು. ಸಾರದಲ್ಲಿ ಏನೋ ಒಂದು ಚುರುಕಾದ ವಸ್ತು ಇದೆ ಎಂಬುದು ಖಂಡಿತವಾಯಿತು. ಆದರೆ ಬೇರೆಯವರು ಒಪ್ಪಬೇಕಷ್ಟೆ? ಅದು ಅಡ್ರಿನಲಿನ್ನೇ ಇರಬೇಕು, ಅದಕ್ಕೂ ಇಂಥ ಬಣ್ಣದ ಗುಣ ಇದೆ ಎಂಬ ಆಕ್ಷೇಪ ಬಂತು. ಎರ್ಸ್ಪಾಮರ್ ವಾದಕ್ಕೆ ಇಳಿಯಲಿಲ್ಲ, ಪರೀಕ್ಷೆಗೆ ಇಳಿದರು. ಅಡ್ರಿನಲಿನ್ ಇಲಿಯ ಗರ್ಭಕೋಶವನ್ನು ಸಡಿಲಿಸುತ್ತದೆ, ಇದು ಬಿಗಿಯುತ್ತದೆ. ರಾಸಾಯನಿಕ ಪರೀಕ್ಷೆಗಳಲ್ಲೂ ಎರಡರ ನಡೆ ಬೇರೆಬೇರೆಯಾಯಿತು. 1937ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದೆ ಆ ವಸ್ತುವಿಗೆ, ಕರುಳಿನ ಅಮೀನು ಎಂಬ ಅರ್ಥದಲ್ಲಿ, ಎಂಟರಮೀನ್ ಎಂದು ಹೆಸರಿಟ್ಟರು.

ಹೊರನೋಟಕ್ಕೆ ಒಂದೇ ಎಂದು ತೋರುವ ಎರಡನ್ನು, ಅವು ಮಾಡುವ ಕೆಲಸ ನೋಡಿ ಬೇರ್ಪಡಿಸುವುದು – ಈ ಒಂದು ರೀತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ವಸ್ತುವಿನಿಂದ ಬರುವ ಕಾಯಿಲೆಗಳನ್ನು ಬೇರ್ಪಡಿಸಲೂ ವೈದ್ಯರಿಗೆ ಇದೇ ಉಪಯೋಗಕ್ಕೆ ಬಂತು.

1939ರಲ್ಲಿ ಎರ್ಸ್ಪಾಮರ್ ರೋಮಿಗೆ ಬಂದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಸುರುವಾಯಿತು. ಅವರ ಮೊದಲ ಲೇಖನಗಳು ಇದ್ದುದು ಇಟಾಲಿಯನ್ ಮತ್ತು ಜರ್ಮನ್ ಭಾಷೆಗಳಲ್ಲಿ. ಯುದ್ಧದ ಆಚೆ ಬದಿಯಲ್ಲಿ, ಇಂಗ್ಲಿಷಿನಲ್ಲಿ ಓದುವ ಲೋಕದಲ್ಲಿ, ಅವು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಸಣ್ಣ ಭಾಷೆಯಲ್ಲಿ ದೊಡ್ಡ ವಿಚಾರ ಹೇಳಿದವರ ಪಾಡು ಎಲ್ಲೆಡೆಯೂ ಇಷ್ಟೇ ಏನೋ. ಆ ನಡುವೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇರ್ವಿನ್ ಪೇಜ್ ಎಂಬ ವೈದ್ಯರು ರಕ್ತದೊತ್ತಡದ ಕುರಿತು ಶೋಧನೆ ನಡೆಸುತ್ತಿದ್ದರು. ರಕ್ತ ಹೆಪ್ಪುಗಟ್ಟಿದಾಗ ಉಳಿಯುವ ತಿಳಿಯಾದ ಸೀರಮ್ಮಿನಲ್ಲಿ ರಕ್ತನಾಳಗಳನ್ನು ಬಿಗಿಯುವ ಯಾವುದೋ ವಸ್ತು ಇದ್ದು, ಅದು ಅವರ ಪ್ರಯೋಗಗಳಿಗೆ ಕಾಟ ಕೊಡುತ್ತಿತ್ತು. ಕಾಟ ಕೊಡುವುದನ್ನು ಮೊದಲು ಹಿಡಿದುಹಾಕೋಣ ಎಂದು ಹೊರಟು, 1948ರಲ್ಲಿ ಮಾರಿಸ್ ರ್‍ಯಾಪೋರ್ಟ್, ಅರ್ಡಾ ಗ್ರೀನ್ ಮತ್ತು ಪೇಜ್ ಅದನ್ನು ಶುದ್ಧರೂಪದಲ್ಲಿ ಪಡೆದರು. ಸೀರಮ್ಮಿನಿಂದ ಬಂದದ್ದು, ರಕ್ತನಾಳಕ್ಕೆ ಬಿಗಿ ಕೊಡುವಂಥದು ಎಂಬ ಅರ್ಥದಲ್ಲಿ ಸೆರೊಟೋನಿನ್ ಎಂದು ಕರೆದರು. 1949ರಲ್ಲಿ ರ್‍ಯಾಪೋರ್ಟ್ ಅದರ ರಚನೆಯನ್ನೂ ತಿಳಿಸಿದರು: 5-ಹೈಡ್ರಾಕ್ಸಿಟ್ರಿಪ್ಟಮೀನ್.

ಎರ್ಸ್ಪಾಮರ್ ಅವರು 1947ರಿಂದ ಇಟಲಿಯ ತೆಂಕಣ ಕಡಲತೀರದ ಬಾರಿ ನಗರದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಡಲು ಹತ್ತಿರವಿದ್ದುದು ಅನುಕೂಲವಾಯಿತು. ಎಂಟು ಕೈಗಳ ಆಕ್ಟೋಪಸ್ಸಿನ ಜೊಲ್ಲುಗ್ರಂಥಿಗಳಲ್ಲಿ ಎಂಟರಮೀನ್ ಧಾರಾಳವಾಗಿದೆ ಎಂದು ಅವರು ಕಂಡುಕೊಂಡರು. ಅದೇ ಗ್ರಂಥಿಯಲ್ಲಿ 1948ರಲ್ಲಿ ಆಕ್ಟೋಪಮೀನ್ ಎಂಬ ಇನ್ನೊಂದು ವಸ್ತುವೂ ಸಿಕ್ಕಿತು. ಹಿಂದಿನ ಕಾಲದಲ್ಲಿ ಅರಸರ ಬಟ್ಟೆಗೆ ನೇರಳೆ ಬಣ್ಣ ಕೊಡುತ್ತಿದ್ದ ಕಡಲ ಶಂಖದ ಹುಳುವಿನಿಂದ ಮ್ಯೂರೆಕ್ಸೀನ್ ಎಂಬುದನ್ನು ತೆಗೆದರು. ಕೊನೆಗೆ 1952ರಲ್ಲಿ ಎರ್ಸ್ಪಾಮರ್ ಮತ್ತು ಅಸೆರೋ ಸೇರಿ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಕರುಳಿನ ಎಂಟರಮೀನ್ ಮತ್ತು ರಕ್ತದ ಸೆರೊಟೋನಿನ್ ಎರಡೂ ಒಂದೇ ಎಂಬುದು ಅದರ ಸಾರ. ಹದಿನೈದು ವರ್ಷ ಮೊದಲೇ ಕಂಡವರು ಇವರು. ಆದರೂ ಲೋಕಕ್ಕೆ ರೂಢಿಯಾದದ್ದು ಅಮೆರಿಕದವರ ಹೆಸರೇ. 1953ರಲ್ಲಿ ಬೆಟ್ಟಿ ಟ್ವರೋಗ್ ಮತ್ತು ಪೇಜ್ ಅದೇ ವಸ್ತುವನ್ನು ಪ್ರಾಣಿಗಳ ಮಿದುಳಿನಲ್ಲೂ ಕಂಡರು. ಅಲ್ಲಿಂದ ಸೆರೊಟೋನಿನ್ ಎಂದರೆ ಮಿದುಳಿನದು, ಮನಸ್ಸಿನದು ಎಂಬ ಭಾವನೆಯೇ ಬೆಳೆದುಬಿಟ್ಟಿತು. ನಿಜ ಹೇಳುವುದಾದರೆ ಶರೀರದ ಸೆರೊಟೋನಿನ್ನಿನಲ್ಲಿ ಸುಮಾರು ಶೇಕಡಾ 90ಕ್ಕಿಂತಲೂ ಹೆಚ್ಚು ಇರುವುದು ಎರ್ಸ್ಪಾಮರ್ ಹೇಳಿದ ಜಾಗದಲ್ಲೇ, ಹೊಟ್ಟೆಯಲ್ಲೇ.

ಹೀಗೆ ವಸ್ತು ಒಂದೇ, ಮನೆ ಎರಡು. ಈ ಎರಡು ಮನೆಗಳ ನಡುವೆ ಒಂದು ಗೋಡೆಯೂ ಉಂಟು. ಕರುಳಿನ ಸೆರೊಟೋನಿನ್ ರಕ್ತದ ಮೂಲಕ ಮಿದುಳನ್ನು ಹೊಗಲಾರದು. ಮಿದುಳು ತನಗೆ ಬೇಕಾದ್ದನ್ನು ಟ್ರಿಪ್ಟೊಫಾನ್ ಎಂಬ ಆಹಾರಾಂಶದಿಂದ ತಾನೇ ಮಾಡಿಕೊಳ್ಳುತ್ತದೆ. ಈ ಗೋಡೆಯ ವಿಚಾರ ತಿಳಿದರೆ ಎರಡು ಕಾಯಿಲೆಗಳ ಭೇದ ಅರ್ಧ ತಿಳಿದಂತೆ.

ಮೊದಲನೆಯದು ಕರುಳಿನ ಕಡೆಯದು. 1907ರಲ್ಲಿ ಮ್ಯೂನಿಕ್ಕಿನ ಸೀಗ್‌ಫ್ರೀಡ್ ಒಬರ್ನ್‌ಡಾರ್ಫರ್ ಎಂಬ ವೈದ್ಯರು ಸಣ್ಣಕರುಳಿನಲ್ಲಿ ಬೆಳೆಯುವ ಚಿಕ್ಕಚಿಕ್ಕ ಗಡ್ಡೆಗಳನ್ನು ವರ್ಣಿಸಿ, ಇವು ಕ್ಯಾನ್ಸರಿನಂತೆ ಕಂಡರೂ ಕ್ಯಾನ್ಸರಿನಷ್ಟು ಕ್ರೂರವಲ್ಲ ಎಂದು ಕಾರ್ಸಿನಾಯ್ಡ್ ಎಂಬ ಹೆಸರು ಕೊಟ್ಟಿದ್ದರು. ಇವುಗಳಲ್ಲೂ ಕೆಲವು ಹರಡುವುದುಂಟು ಎಂದು 1929ರಲ್ಲಿ ಅವರೇ ತಿದ್ದಿಕೊಂಡರು. ಈ ಗಡ್ಡೆಗಳು ಹುಟ್ಟುವುದು ಎರ್ಸ್ಪಾಮರ್ ಅವರು ಬೆನ್ನು ಹತ್ತಿದ ಅದೇ ಎಂಟರೋಕ್ರೋಮಾಫಿನ್ ಕೋಶಗಳಿಂದ. ಎರ್ಸ್ಪಾಮರ್ ಬಾರಿಯಲ್ಲಿದ್ದಾಗಲೇ, 1953ರಲ್ಲಿ, ಆಸ್ಟ್ರಿಯಾದ ಫ್ರೆಡ್ ಲೆಂಬೆಕ್ ಅಂಥ ಗಡ್ಡೆಯೊಂದರಲ್ಲಿ ಸೆರೊಟೋನಿನ್ ತುಂಬಿಕೊಂಡಿರುವುದನ್ನು ತೋರಿಸಿದರು. ಮರುವರ್ಷ ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಮತ್ತು ಸಂಗಡಿಗರು ಈ ರೋಗದ ಪೂರ್ಣ ಚಿತ್ರ ಬರೆದರು. ಮುಖ ಮತ್ತು ಎದೆ ಇದ್ದಕ್ಕಿದ್ದಂತೆ ಕೆಂಪೇರಿ ಕೆಲವು ನಿಮಿಷಗಳಲ್ಲಿ ಇಳಿಯುವುದು, ನೀರಿನಂಥ ಭೇದಿ, ಕೆಲವರಿಗೆ ಉಬ್ಬಸದಂಥ ಏದುಸಿರು, ಕಾಲಕ್ರಮದಲ್ಲಿ ಹೃದಯದ ಬಲಬದಿಯ ಕವಾಟಗಳು ದಪ್ಪಗಾಗುವುದು. ಮದ್ಯ ಕುಡಿದಾಗ, ಹೊಟ್ಟೆ ತುಂಬ ಉಂಡಾಗ, ಮನಸ್ಸು ಉದ್ವೇಗಗೊಂಡಾಗ ಮುಖ ಕೆಂಪೇರುವುದು ಹೆಚ್ಚು.

ಗಡ್ಡೆ ಇದ್ದವರಿಗೆಲ್ಲ ಹೀಗಾಗುವುದಿಲ್ಲ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಯಕೃತ್ತಿಗೆ ಹೋಗಬೇಕು. ಹಿಂದೆ ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳನ್ನು ತಡೆದು ಶೋಧಿಸುತ್ತಿದ್ದಂತೆ ಯಕೃತ್ತು ಈ ಸೆರೊಟೋನಿನ್ನನ್ನು ತಡೆದು ಮುರಿದುಹಾಕುತ್ತದೆ. ಗಡ್ಡೆಯ ಬೀಜಗಳು ಯಕೃತ್ತಿಗೇ ಹರಡಿ, ಅಲ್ಲಿಂದ ನೇರವಾಗಿ ರಕ್ತಕ್ಕೆ ಸುರಿಯತೊಡಗಿದಾಗ ಮಾತ್ರ ಸಾಮಾನ್ಯವಾಗಿ ಲಕ್ಷಣಗಳು ತೋರುತ್ತವೆ. ಹಾಗೆ ಸುರಿದದ್ದು ಮೊದಲು ಹೃದಯದ ಬಲಬದಿಗೆ ತಾಗಿ, ಮುಂದೆ ಶ್ವಾಸಕೋಶದಲ್ಲಿ ಬಹುಮಟ್ಟಿಗೆ ನಾಶವಾಗುವುದರಿಂದ ಎಡಬದಿ ಹೆಚ್ಚಾಗಿ ಪಾರಾಗುತ್ತದೆ. ಇನ್ನೊಂದು ವಿಶೇಷ: ಆರೋಗ್ಯವಂತರಲ್ಲಿ ಆಹಾರದ ಟ್ರಿಪ್ಟೊಫಾನಿನ ಸುಮಾರು ನೂರರಲ್ಲೊಂದು ಪಾಲು ಮಾತ್ರ ಸೆರೊಟೋನಿನ್ ಆಗುತ್ತದೆ. ಈ ರೋಗದಲ್ಲಿ ಅರ್ಧಕ್ಕಿಂತ ಹೆಚ್ಚನ್ನೂ ಗಡ್ಡೆಯೇ ಕಬಳಿಸಬಹುದು. ಆಗ ಅದೇ ಟ್ರಿಪ್ಟೊಫಾನಿನಿಂದ ತಯಾರಾಗಬೇಕಾದ ನಯಾಸಿನ್ ಎಂಬ ಜೀವಸತ್ವಕ್ಕೆ ಕೊರತೆಯಾಗಿ, ಚರ್ಮ ಒರಟಾಗುವ ಪೆಲಗ್ರ ಎಂಬ ಕಾಯಿಲೆಯೂ ಜತೆಗೆ ಬರುವುದುಂಟು.

ಇದನ್ನು ಪತ್ತೆ ಹಚ್ಚುವ ಪರೀಕ್ಷೆ 1955ರಲ್ಲಿ ರೂಢಿಗೆ ಬಂತು. ಅಮೆರಿಕದ ಆಲ್ಬರ್ಟ್ ಸ್ಯೋರ್ಡ್ಸ್‌ಮಾ ಮತ್ತು ಸಂಗಡಿಗರು, ಸೆರೊಟೋನಿನ್ ಮುರಿದಾಗ ಉಳಿಯುವ ಒಂದು ಆಮ್ಲವನ್ನು ಮೂತ್ರದಲ್ಲಿ ಅಳೆಯುವ ಸುಲಭ ಕ್ರಮ ತಿಳಿಸಿದರು. 24 ತಾಸಿನ ಮೂತ್ರ ಸಂಗ್ರಹಿಸಿ ಅಳೆಯುವುದು ಇಂದಿಗೂ ಉಂಟು. ಇಲ್ಲೊಂದು ಮೋಜಿನ ತೊಡಕು 1958ರಲ್ಲಿ ಬೆಳಕಿಗೆ ಬಂತು. ಬಾಳೆಹಣ್ಣಿನಲ್ಲೇ ಸೆರೊಟೋನಿನ್ ಧಾರಾಳವಾಗಿದೆ! ಬಾಳೆ, ಅನನಾಸು, ಟೊಮೆಟೊ, ಅಕ್ರೋಟು ತಿಂದು ಪರೀಕ್ಷೆಗೆ ಹೋದವರ ಮೂತ್ರದಲ್ಲಿ ಆ ಆಮ್ಲ ಏರಿ, ಇಲ್ಲದ ಗಡ್ಡೆ ಇದೆಯೆಂಬ ಸಂಶಯ ಬರಬಹುದು. ಬೆಳಗ್ಗೆ ಪುಟ್ಟಿನೊಡನೆ ನೇಂದ್ರ ಬಾಳೆ ತಿನ್ನುವ ನಮ್ಮ ಊರಿನವರು ಇದನ್ನು ತಿಳಿದಿರುವುದು ಒಳ್ಳೆಯದು. ಪರೀಕ್ಷೆಗೆ ಕೆಲವು ದಿನ ಮೊದಲೇ ಇವನ್ನು ಬಿಡಬೇಕಾಗುತ್ತದೆ. ಬಾಳೆಹಣ್ಣು ತಿಂದರೆ ಕಾಯಿಲೆ ಬರುತ್ತದೆ ಎಂದು ಯಾರೂ ಹೆದರುವುದು ಬೇಡ. ಹಣ್ಣಿನದು ಮಿದುಳಿಗೆ ಹೋಗುವುದೇ ಇಲ್ಲ.

ಇನ್ನು ಗೋಡೆಯ ಆಚೆಗಿನ ಕಾಯಿಲೆ. ಇದಕ್ಕೆ ಗಡ್ಡೆ ಕಾರಣವಲ್ಲ, ಮದ್ದೇ ಕಾರಣ. ಮಿದುಳು ಮತ್ತು ಬೆನ್ನುಹುರಿಯ ನರಗಳ ತುದಿಯಲ್ಲಿ ಸೆರೊಟೋನಿನ್ ಹೊರಬರುತ್ತದೆ, ಕೆಲಸ ಮುಗಿದ ಮೇಲೆ ನರ ಅದನ್ನು ಮರಳಿ ಹೀರುತ್ತದೆ, ಮಿಕ್ಕಿದ್ದನ್ನು ಒಂದು ಕಿಣ್ವ ಮುರಿಯುತ್ತದೆ. ಹೀರುವುದನ್ನು ತಡೆಯುವ ಮದ್ದುಗಳುಂಟು. ಮುರಿಯುವ ಕಿಣ್ವವನ್ನು ತಡೆಯುವ ಮದ್ದುಗಳೂ ಉಂಟು. ಒಂದೊಂದೇ ಆದಾಗ ಹೆಚ್ಚಾಗಿ ತೊಂದರೆಯಿಲ್ಲ. ಎರಡು ಬಗೆ ಒಟ್ಟಾದಾಗ ಅಪಾಯ.

ಇದರ ಕತೆ ಕ್ಷಯರೋಗದಿಂದ ಆರಂಭವಾಗುತ್ತದೆ. 1952ರ ಸುಮಾರಿಗೆ ಐಪ್ರೋನಯಾಜಿಡ್ ಎಂಬ ಕ್ಷಯದ ಮದ್ದು ಬಂದಿತ್ತು. ಅದು ಆ ಕಿಣ್ವವನ್ನು ತಡೆಯುವಂಥದು ಎಂದು ತಿಳಿದುಬಂತು. 1955ರಲ್ಲಿ, ಅದನ್ನು ಸೇವಿಸುತ್ತಿದ್ದ ಕ್ಷಯರೋಗಿಯೊಬ್ಬರು ನೋವಿಗೆಂದು ಪೆಥಿಡೀನ್ ಚುಚ್ಚಿದ ಮೇಲೆ ತೀರಿಕೊಂಡ ವರದಿ ಪ್ರಕಟವಾಯಿತು. ಕಾರಣ ಆಗ ಸ್ಪಷ್ಟವಾಗಲಿಲ್ಲ. 1960ರಲ್ಲಿ ಓಟ್ಸ್ ಮತ್ತು ಸ್ಯೋರ್ಡ್ಸ್‌ಮಾ, ಕಿಣ್ವ ತಡೆಯುವ ಮದ್ದಿನ ಜತೆಗೆ ಟ್ರಿಪ್ಟೊಫಾನ್ ಪಡೆದವರಲ್ಲಿ ಕಂಡ ನಡುಕ, ಬೆವರು, ಚುರುಕಾದ ನರಗಳ ಸೆಳೆತವನ್ನು ವಿವರಿಸಿದರು. ಇವರು ಮೂತ್ರಪರೀಕ್ಷೆಯ ಸ್ಯೋರ್ಡ್ಸ್‌ಮಾ ಅವರೇ. ಒಂದೇ ವಸ್ತುವಿನ ಎರಡು ಅತಿರೇಕಗಳೂ ಒಬ್ಬರೇ ವೈದ್ಯರ ಕೈಯ ಮೂಲಕ ಹಾದು ಹೋದುವು.

ಆದರೂ ಈ ಎಚ್ಚರಿಕೆ ಸಾಮಾನ್ಯ ಡಾಕ್ಟರರ ತನಕ ಇಳಿಯಲು ಬಹಳ ಕಾಲ ಹಿಡಿಯಿತು. 1984ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರ ಮತ್ತು ನಡುಕವೆಂದು ಸೇರಿದ 18 ಪ್ರಾಯದ ಕಾಲೇಜು ಹುಡುಗಿಯೊಬ್ಬಳು ಕೆಲವೇ ತಾಸುಗಳಲ್ಲಿ ಸತ್ತಳು. ಅವಳು ಮನಸ್ಸಿನ ಖಿನ್ನತೆಗಾಗಿ ಕಿಣ್ವ ತಡೆಯುವ ಮದ್ದು ತೆಗೆದುಕೊಳ್ಳುತ್ತಿದ್ದಳು. ಅಲ್ಲಿ ನಡುಕ ನಿಲ್ಲಲೆಂದು ಕೊಟ್ಟದ್ದು ಪೆಥಿಡೀನ್. ಈ ಎರಡರ ಕೂಟವೇ ಸಾವಿಗೆ ಕಾರಣವಾಗಿರಬೇಕೆಂದು ಈಗ ಹೆಚ್ಚಿನ ವೈದ್ಯರ ಅಭಿಪ್ರಾಯ. ಆ ಪ್ರಕರಣ ನ್ಯಾಯಾಲಯದ ತನಕ ಹೋಗಿ, ಕಿರಿಯ ಡಾಕ್ಟರರನ್ನು ವಾರಕ್ಕೆ 80 ತಾಸಿಗಿಂತ ಹೆಚ್ಚು ದುಡಿಸಬಾರದೆಂಬ ನಿಯಮ 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬಂತು. ನಿದ್ದೆಗೆಟ್ಟ ಡಾಕ್ಟರು ಎರಡು ಮದ್ದುಗಳ ಸಂಬಂಧ ನೆನಪಿಟ್ಟುಕೊಂಡಾರೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

1991ರಲ್ಲಿ ಸ್ಟರ್ನ್‌ಬಾಕ್ ಎಂಬವರು ಲಕ್ಷಣಗಳ ಒಂದು ಪಟ್ಟಿ ಮಾಡಿದರು. 2003ರಲ್ಲಿ ಆಸ್ಟ್ರೇಲಿಯದ ವೈದ್ಯರು, ಮದ್ದು ಹೆಚ್ಚಾಗಿ ಸೇವಿಸಿ ಬಂದ ಅನೇಕ ರೋಗಿಗಳನ್ನು ಪರೀಕ್ಷಿಸಿ, ಹಂಟರ್ ಮಾನದಂಡ ಎಂಬ ಇನ್ನೂ ಖಚಿತವಾದ ಕ್ರಮ ಕೊಟ್ಟರು. ಅದರ ಜೀವಾಳ ಇರುವುದು ರೋಗಿಯ ಕಾಲಿನ ಪಾದದಲ್ಲಿ! ಡಾಕ್ಟರು ಪಾದವನ್ನು ಹಿಡಿದು ಥಟ್ಟನೆ ಮೇಲಕ್ಕೆ ಬಾಗಿಸಿ ಹಿಡಿಯುತ್ತಾರೆ. ಸೆರೊಟೋನಿನ್ ಅತಿಯಾದವರಲ್ಲಿ ಪಾದ ತಾನಾಗಿಯೇ ಹೊಲಿಗೆಯಂತ್ರ ತುಳಿದಂತೆ ಟಕಟಕನೆ ಬಡಿದುಕೊಳ್ಳುತ್ತದೆ. ಕೆಲವರಲ್ಲಿ ಕಣ್ಣುಗುಡ್ಡೆಗಳೂ ಹೀಗೆಯೇ ಅದುರುತ್ತವೆ. ಮೊಣಕಾಲಿಗೆ ತಟ್ಟಿದರೆ ಕಾಲು ಅತಿಯಾಗಿ ಜಿಗಿಯುತ್ತದೆ. ಕೈಗಿಂತ ಕಾಲಿನಲ್ಲಿ ಇದು ಹೆಚ್ಚು. ಜತೆಗೆ ಚಡಪಡಿಕೆ, ಬೆವರು, ಅಗಲವಾದ ಕಣ್ಣಪಾಪೆ, ಗುಡುಗುಡು ಎನ್ನುವ ಹೊಟ್ಟೆ, ಏರುವ ಜ್ವರ. ಹೆಚ್ಚಿನವರಲ್ಲಿ ಹೊಸ ಮದ್ದು ತೆಗೆದುಕೊಂಡ ಅಥವಾ ಪ್ರಮಾಣ ಏರಿಸಿದ 24 ತಾಸಿನೊಳಗೆ, ಎಷ್ಟೋ ಸಲ ಆರು ತಾಸಿನೊಳಗೇ ಇದು ಕಾಣಿಸಿಕೊಳ್ಳುತ್ತದೆ.

ಕಾರ್ಸಿನಾಯ್ಡಿನಲ್ಲಿ ಮೂತ್ರ ಮಾತನಾಡುತ್ತದೆ. ಇಲ್ಲಿ ಮೂತ್ರವೂ ರಕ್ತವೂ ಏನನ್ನೂ ಹೇಳುವುದಿಲ್ಲ. ನರದ ತುದಿಯಲ್ಲಿ ನಡೆಯುವ ಅತಿರೇಕ ರಕ್ತಪರೀಕ್ಷೆಗೆ ಸಿಕ್ಕುವುದಿಲ್ಲ. ಪರೀಕ್ಷಿಸುವ ಕೈ ಮತ್ತು ಯಾವ ಮದ್ದು ಎಂದು ಕೇಳುವ ಬಾಯಿ ಇವೆರಡೇ ಸಾಧನ. ಎರ್ಸ್ಪಾಮರ್ ಅವರು ಬಣ್ಣ ನೋಡಿ ನಿಲ್ಲದೆ, ಮಾಂಸ ಬಿಗಿಯುವುದೋ ಸಡಿಲುವುದೋ ಎಂದು ನೋಡಿ ತೀರ್ಮಾನಿಸಿದರಷ್ಟೆ. ಇಲ್ಲಿಯೂ ಅದೇ ರೀತಿ.

ಇದಕ್ಕೆ ವೇಷ ಹೋಲುವ ಬೇರೆ ಕೆಲವು ಕಾಯಿಲೆಗಳೂ ಉಂಟು, ಅವುಗಳಲ್ಲಿ ಸೆರೊಟೋನಿನ್ನಿನ ಪಾತ್ರ ಇಲ್ಲದಿದ್ದರೂ. ಚಿತ್ತವಿಕಾರಕ್ಕೆ ಕೊಡುವ ಕೆಲವು ಮದ್ದುಗಳಿಂದ ಅಪರೂಪಕ್ಕೆ ಬರುವ ಒಂದು ಜ್ವರದಲ್ಲಿ ಶರೀರ ಸೀಸದ ಕೊಳವೆಯಂತೆ ಸೆಟೆಯುತ್ತದೆ. ಅದು ಬರುವುದು ತಾಸುಗಳಲ್ಲಲ್ಲ, ದಿನಗಳಲ್ಲಿ. ಕಾಲು ಜಿಗಿಯುವ ಬದಲು ಮಂದವಾಗಿರುತ್ತದೆ. ಉಮ್ಮತ್ತದ ಕಾಯಿ ತಿಂದವರಲ್ಲೂ ಕಣ್ಣಪಾಪೆ ಅಗಲ, ಜ್ವರ, ಅಸಂಬದ್ಧ ಮಾತು ಎಲ್ಲ ಕಾಣುತ್ತದೆ. ಆದರೆ ಉಮ್ಮತ್ತದಲ್ಲಿ ಚರ್ಮ ಒಣಗಿ ಬಿಸಿಯಾಗಿರುತ್ತದೆ, ಹೊಟ್ಟೆ ಸದ್ದಡಗಿರುತ್ತದೆ, ಮೂತ್ರ ಕಟ್ಟುತ್ತದೆ. ಸೆರೊಟೋನಿನ್ನಿನಲ್ಲಿ ಮೈ ಬೆವರಿನಿಂದ ತೊಯ್ದಿರುತ್ತದೆ, ಹೊಟ್ಟೆ ಗುಡುಗುತ್ತದೆ. ಉಮ್ಮತ್ತ ಗೊತ್ತಿರುವ ನಮ್ಮ ಹಳ್ಳಿಯ ಅಜ್ಜಂದಿರಿಗೆ ಈ ಭೇದ ಹೇಳಿದರೆ ಚೆನ್ನಾಗಿ ಅರ್ಥವಾದೀತು.

ಚಿಕಿತ್ಸೆಯೂ ಎರಡರದು ಬೇರೆ. ಕಾರ್ಸಿನಾಯ್ಡಿಗೆ ಸಾಧ್ಯವಾದರೆ ಶಸ್ತ್ರಕ್ರಿಯೆ, ಮತ್ತೆ ಗಡ್ಡೆಯ ಸುರಿತವನ್ನು ತಡೆಯುವ ಆಕ್ಟ್ರಿಯೋಟೈಡ್ ಎಂಬ ಇಂಜಕ್ಷನ್; ಇದು 1980ರ ದಶಕದಲ್ಲಿ ಬಂದದ್ದು. ಮದ್ದಿನಿಂದ ಬಂದದ್ದಕ್ಕೆ ಮೊದಲ ಚಿಕಿತ್ಸೆ ಆ ಮದ್ದನ್ನು ನಿಲ್ಲಿಸುವುದೇ. ಜತೆಗೆ ಆಸ್ಪತ್ರೆಯಲ್ಲಿ ನಡುಕ ಮತ್ತು ಜ್ವರ ಇಳಿಸುವ ಉಪಾಯಗಳು. ಸಕಾಲದಲ್ಲಿ ಗುರುತಿಸಿದರೆ ಹೆಚ್ಚಿನವರು ಒಂದು ದಿನದಲ್ಲೇ ಚೇತರಿಸಿಕೊಳ್ಳುತ್ತಾರೆ. ಮಕ್ಕಳ ಹಸಿವು ಹೆಚ್ಚಿಸಲೆಂದು ನಮ್ಮಲ್ಲಿ ಕೊಡುತ್ತಿದ್ದ ಸೈಪ್ರೋಹೆಪ್ಟಡೀನ್ ಎಂಬ ಹಳೆಯ ಮದ್ದು ಸೆರೊಟೋನಿನ್ನಿಗೆ ಅಡ್ಡ ನಿಲ್ಲುವಂಥದು. ಅದನ್ನೂ ಇಲ್ಲಿ ಬಳಸುವುದುಂಟು.

ನಮ್ಮ ಜಿಲ್ಲೆಯವರ ಒಂದು ಅಭ್ಯಾಸವನ್ನು ಇಲ್ಲಿ ಹೇಳದೆ ಇರಲಾರೆ. ಜ್ವರಕ್ಕೆ ಹತ್ತಿರದ ಡಾಕ್ಟರು, ಮನಸ್ಸಿನ ಕಾಯಿಲೆಗೆ ಮಂಗಳೂರು, ಸೊಂಟನೋವಿಗೆ ಮತ್ತೊಂದು ಕಡೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವುದಿಲ್ಲ. ಮನಸ್ಸಿನ ಮದ್ದಿನ ಚೀಟಿಯನ್ನಂತೂ ನಾಚಿಕೆಯಿಂದ ಕಪಾಟಿನ ಅಡಿಯಲ್ಲಿಡುತ್ತೇವೆ. ಖಿನ್ನತೆಗೆ ಕೊಡುವ ಬಹಳಷ್ಟು ಮಾತ್ರೆಗಳು ಸೆರೊಟೋನಿನ್ ಹೀರುವುದನ್ನು ತಡೆಯುವಂಥವು. ನೋವಿನ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಕೂಡ ಸೆರೊಟೋನಿನ್ ಏರಿಸುತ್ತವೆ. ಹಠಮಾರಿ ಕ್ಷಯಕ್ಕೆ ಈಗ ಕೊಡುವ ಲೈನೆಜೋಲಿಡ್ ಹಳೆಯ ಐಪ್ರೋನಯಾಜಿಡಿನಂತೆ ಕಿಣ್ವ ತಡೆಯುವ ಗುಣವುಳ್ಳದ್ದು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು; ಹಾಗೆ ನಿಲ್ಲಿಸಿದರೆ ಬೇರೆಯೇ ತೊಂದರೆ. ಎಲ್ಲ ಚೀಟಿಗಳನ್ನೂ ಒಂದೇ ತೊಟ್ಟೆಯಲ್ಲಿ ಹಾಕಿ, ಯಾವ ಡಾಕ್ಟರರಲ್ಲಿಗೆ ಹೋದರೂ ಮೇಜಿನ ಮೇಲೆ ಸುರಿದರೆ ಸಾಕು.

ಎರ್ಸ್ಪಾಮರ್ ಅವರ ಕತೆ ನಡುವಿನಲ್ಲೇ ನಿಂತಿತು. ಅವರು 1955ರಲ್ಲಿ ಬಾರಿಯಿಂದ ಪಾರ್ಮಾಕ್ಕೆ, 1967ರಲ್ಲಿ ರೋಮ್ ವಿಶ್ವವಿದ್ಯಾಲಯಕ್ಕೆ ಬಂದರು. 1966ರಲ್ಲಿ ಸೆರೊಟೋನಿನ್ ಮತ್ತು ಅದರ ಬಳಗದ ಬಗ್ಗೆ ಅವರು ಸಂಪಾದಿಸಿದ ದೊಡ್ಡ ಗ್ರಂಥ ಹೊರಬಂತು. ಅದರ ತಲೆಬರಹದಲ್ಲಿ ಎಂಟರಮೀನೂ ಇಲ್ಲ, ಸೆರೊಟೋನಿನೂ ಇಲ್ಲ. 5-ಹೈಡ್ರಾಕ್ಸಿಟ್ರಿಪ್ಟಮೀನ್ ಎಂಬ ರಾಸಾಯನಿಕ ನಾಮವೇ ಇದೆ. ಹೆಸರಿನ ಜಗಳಕ್ಕೆ ಇದಕ್ಕಿಂತ ಮರ್ಯಾದೆಯ ಮುಕ್ತಾಯ ಬೇರೆ ಇರಲಾರದು ಎಂದು ನನಗೆ ಅನಿಸುತ್ತದೆ.

ಆಮೇಲಿನ ವರ್ಷಗಳಲ್ಲಿ ಅವರನ್ನು ಆವರಿಸಿದ್ದು ಕಪ್ಪೆಗಳು. ದಕ್ಷಿಣ ಅಮೆರಿಕ, ಆಸ್ಟ್ರೇಲಿಯ ಮೊದಲಾದ ಕಡೆಗಳ ನೂರಾರು ಜಾತಿಯ ಕಪ್ಪೆಗಳ ಚರ್ಮದಿಂದ ಅವರು, ಪತ್ನಿ ಜೂಲಿಯಾನಾ ಹಾಗೂ ಸಂಗಡಿಗರು ಹೊಸಹೊಸ ವಸ್ತುಗಳನ್ನು ತೆಗೆದರು. ಕಪ್ಪೆಯ ಚರ್ಮದಲ್ಲಿ ಸಿಕ್ಕಿದ್ದು ಮನುಷ್ಯನ ಕರುಳಿನಲ್ಲೂ ಮಿದುಳಿನಲ್ಲೂ ಬೇರೆ ರೂಪದಲ್ಲಿ ಇರಬೇಕು ಎಂಬುದು ಅವರ ನಂಬಿಕೆ. ಅದು ಬಹಳ ಸಲ ನಿಜವಾಯಿತು. ಆಸ್ಟ್ರೇಲಿಯದ ಹಸಿರು ಮರಗಪ್ಪೆಯ ಸೆರೂಲೀನ್ ನಮ್ಮ ಪಿತ್ತಕೋಶವನ್ನು ಹಿಂಡುವ ಹಾರ್ಮೋನನ್ನು ಹೋಲುತ್ತದೆ. 1971ರ ಬಾಂಬೆಸಿನ್ನಿಗೆ ಸಮಾನವಾದದ್ದು ಸಸ್ತನಿಗಳ ಜಠರದಲ್ಲಿ ಸಿಕ್ಕಿತು. 1981ರಲ್ಲಿ ದಕ್ಷಿಣ ಅಮೆರಿಕದ ಕಪ್ಪೆಯೊಂದರಿಂದ ತೆಗೆದ ಡರ್ಮಾರ್ಫಿನ್ ಅಫೀಮಿನ ಸಾರವನ್ನೂ ಮೀರಿಸುವ ನೋವುನಿವಾರಕ.

ಕಡಲಿನ ಎಲಿಡೋನ್ ಎಂಬ ಪ್ರಾಣಿಯಿಂದ ಅವರು ಬಹಳ ಮೊದಲೇ ತೆಗೆದಿದ್ದ ಎಲಿಡಾಯಿಸಿನ್ ಎಂಬುದರ ಬಳಗದ ವಸ್ತುಗಳು ಮನುಷ್ಯರಲ್ಲೂ ಇವೆ. ಕಾರ್ಸಿನಾಯ್ಡ್ ಗಡ್ಡೆಗಳಲ್ಲೂ ಅವು ಕಂಡುಬಂದಿವೆ. ಆ ರೋಗದಲ್ಲಿ ಭೇದಿಗೆ ಸೆರೊಟೋನಿನ್ ಮುಖ್ಯ ಕಾರಣವಾದರೂ, ಮುಖ ಕೆಂಪೇರುವುದಕ್ಕೆ ಅದೊಂದೇ ಸಾಲದು, ಈ ಬಳಗದ ಕೈವಾಡವೂ ಇರಬೇಕು ಎಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಒಂದೇ ರೋಗದ ಎರಡು ಲಕ್ಷಣಗಳ ಬೇರು, ಒಂದು ಮೊಲದ ಜಠರದ ಮೂಲಕ, ಇನ್ನೊಂದು ಕಡಲಪ್ರಾಣಿಯ ಮೂಲಕ, ಎರ್ಸ್ಪಾಮರ್ ಅವರ ಮೇಜಿಗೇ ಬಂದು ಸೇರಿದಂತಾಯಿತು.

ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಗಿದ್ದರೂ ಅದು ಅವರಿಗೆ ಬರಲಿಲ್ಲ. 1984ರಲ್ಲಿ ನಿವೃತ್ತರಾದ ಮೇಲೂ ಅವರು ಪ್ರಯೋಗಶಾಲೆ ಬಿಡಲಿಲ್ಲ. 1999ರ ಅಕ್ಟೋಬರ್ 25ರಂದು ತಮ್ಮ 90ನೆಯ ಪ್ರಾಯದಲ್ಲಿ ರೋಮಿನಲ್ಲಿ ತೀರಿಕೊಂಡರು. ಪಾದ ಬಾಗಿಸಿ ನೋಡುವ ಹಂಟರ್ ಮಾನದಂಡ ಪ್ರಕಟವಾದದ್ದು ಅದಾಗಿ ನಾಲ್ಕು ವರ್ಷಗಳಿಗೆ.